ಮೂರು ಡೋಸ್ ಆದ ಮೇಲೆ ಒಂದು ರಕ್ತಪರೀಕ್ಷೆಯೂ ಇರಲಿ

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ಆಸ್ಪತ್ರೆ ಸಿಬ್ಬಂದಿಗೆ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ, ಯಕೃತ್ತಿನ ವೈರಸ್ ಕಾಯಿಲೆ) ಲಸಿಕೆ ಕೊಡಬೇಕು ಎಂಬುದು 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲೇ ಇದೆ. ತುಂಬಾ ಒಳ್ಳೆಯ ಲಸಿಕೆ ಅದು. ಹೆಚ್ಚಿನವರನ್ನು ವರ್ಷಗಟ್ಟಲೆ ಕಾಯುತ್ತದೆ. ಈ ಪತ್ರ ಉಳಿದವರ ಬಗ್ಗೆ.

ಆರೋಗ್ಯವಾಗಿರುವ ವಯಸ್ಕರಲ್ಲೂ 100ಕ್ಕೆ 5ರಿಂದ 10 ಮಂದಿಗೆ ಮೂರೂ ಡೋಸ್ ಆದರೂ ವೈರಸ್ಸನ್ನು ತಡೆಯುವ ಪ್ರತಿಕಾಯ ರಕ್ತದಲ್ಲಿ ಸಾಕಷ್ಟು ಹುಟ್ಟುವುದಿಲ್ಲ. ವಯಸ್ಸು, ಬೊಜ್ಜು, ಸಿಗರೇಟು, ಸಕ್ಕರೆ ಕಾಯಿಲೆ ಇವೆಲ್ಲ ಕಾರಣಗಳೇ. ಆದರೆ ಗಟ್ಟಿಮುಟ್ಟಾದ ಎಳೆ ವಯಸ್ಸಿನವರಲ್ಲೂ ಹೀಗಾಗುತ್ತದೆ, ಯಾಕೆ? ವೈರಸ್ಸಿನ ಚೂರನ್ನು ಹಿಡಿದು, ರಕ್ಷಣಾ ಕಣಗಳಿಗೆ 'ಇದೇ ನೋಡು ಶತ್ರು' ಎಂದು ತೋರಿಸುವ ಪ್ರೋಟೀನುಗಳು ನಮ್ಮಲ್ಲಿವೆ. ಎಚ್‌ಎಲ್‌ಎ ಅಂತಾರೆ. ಅವುಗಳ ಜೀನುಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ. ಡಿಆರ್‌ಬಿ1 ಎಂಬ ಜೀನಿನ 03, 07 ಬಗೆಗಳಿರುವವರಲ್ಲಿ ಈ ಲಸಿಕೆ ಹತ್ತದಿರುವುದು ಜಾಸ್ತಿ. ಜರ್ಮನಿಯಲ್ಲಿ ಅವಳಿಗಳಿಗೆ ಲಸಿಕೆ ಕೊಟ್ಟು ನೋಡಿದಾಗ, ತದ್ರೂಪಿ ಅವಳಿಗಳ ಪ್ರತಿಕಾಯದ ಮಟ್ಟ ಉಳಿದ ಅವಳಿಗಳಿಗಿಂತ ಹೆಚ್ಚು ಹತ್ತಿರಹತ್ತಿರ ಇತ್ತು. ಹುಟ್ಟಿನಿಂದ ಬಂದದ್ದು, ಇದರಲ್ಲಿ ಅವರ ತಪ್ಪೇನೂ ಇಲ್ಲ.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಸ್ಟಾಫ್ ನರ್ಸ್‌ಗೆ ರಾತ್ರಿ ಪಾಳಿಯಲ್ಲಿ ಸೂಜಿ ಚುಚ್ಚಿತ್ತು. ರೋಗಿಗೆ ಹೆಪಟೈಟಿಸ್ ಬಿ ಇತ್ತು. ಆಕೆಯ ಕಾರ್ಡಿನಲ್ಲಿ ಮೂರು ದಿನಾಂಕ, ಮೂರು ಸಹಿ, ಎಲ್ಲ ಸರಿಯಾಗಿತ್ತು. "ಡೋಸ್ ಆಗಿದೆಯಲ್ಲಮ್ಮ, ಸುಮ್ನೆ ಹೆದರಬೇಡ" ಎಂದರು. ಆಕೆ ಹಟ ಹಿಡಿದು ಟೈಟರ್, ಅಂದರೆ ಪ್ರತಿಕಾಯದ ಮಟ್ಟ ನೋಡುವ ರಕ್ತಪರೀಕ್ಷೆ, ಮಾಡಿಸಿದಳು. ಕನಿಷ್ಠ 10 ಇರಬೇಕಾದದ್ದು 2 ಬಂತು. ತಕ್ಷಣ ಇಮ್ಯುನೋಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟಿದ್ದರಿಂದ ಬಚಾವಾದಳು. ಎಲ್ಲರೂ ಹಾಗೆ ಹಟ ಹಿಡಿಯುವುದಿಲ್ಲ. ಆಸ್ಪತ್ರೆ ಕಸದ ಕೆಂಪು ಚೀಲ, ಹಳದಿ ಚೀಲ ಹೊತ್ತು ಒಯ್ಯುವ ಗುತ್ತಿಗೆ ನೌಕರರಿಗಂತೂ ಇಂಥದ್ದೊಂದು ಪರೀಕ್ಷೆ ಇದೆ ಎಂದು ಹೇಳುವವರೇ ಇಲ್ಲ. ಚೀಲದೊಳಗಿನ ಸೂಜಿ ಮೊದಲು ಚುಚ್ಚುವುದು ಅವರಿಗೇ ಅಲ್ವಾ?

ಜೀನ್ ಪರೀಕ್ಷೆ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಅದರ ಅಗತ್ಯವೂ ಇಲ್ಲ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಟೈಟರ್ ನೋಡಿದರೆ ಸಾಕು. 10ಕ್ಕಿಂತ ಕಡಿಮೆ ಬಂದರೆ ಇನ್ನೊಂದು ಸುತ್ತು ಲಸಿಕೆ ಕೊಟ್ಟು ಮತ್ತೆ ನೋಡಬೇಕು. ಎಷ್ಟೋ ಜನರಿಗೆ ಎರಡನೇ ಸುತ್ತಿನಲ್ಲಿ ಹತ್ತುತ್ತದೆ. ಆಗಲೂ ಹತ್ತದವರ ಕಾರ್ಡಿನ ಮೇಲೆ ಅದನ್ನು ಎದ್ದು ಕಾಣುವಂತೆ ಬರೆಯಬೇಕು. ಸೂಜಿ ಚುಚ್ಚಿದ ದಿನ ಡ್ಯೂಟಿ ಡಾಕ್ಟರ್ ಯೋಚಿಸುತ್ತ ಕೂರಬಾರದು. ಇಮ್ಯುನೋಗ್ಲೋಬುಲಿನ್ 24 ಗಂಟೆಯೊಳಗೆ ಬೀಳಬೇಕು.

ಹಾಗಾಗಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯನ್ನು ಉಚಿತವಾಗಿ, ಕಡ್ಡಾಯವಾಗಿ ಮಾಡಿಸಲು ಆದೇಶ ಹೊರಡಿಸಿ. ಗುತ್ತಿಗೆ ನೌಕರರನ್ನೂ ಹೆಸರಿಸಿಯೇ ಅದರಲ್ಲಿ ಸೇರಿಸಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇಮ್ಯುನೋಗ್ಲೋಬುಲಿನ್ ರಾತ್ರಿ ಹೊತ್ತೂ ಸಿಗುವಂತೆ ಮಾಡಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್