‘ಶಾರ್ಟ್ ಸರ್ಕ್ಯೂಟ್’ ಅಂತ ಬರೆದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಮನೆಗೆ ಬೆಂಕಿ ಬಿದ್ದ ಸುದ್ದಿಯನ್ನು ಕಳೆದ ವಾರ ಫೋಟೊ ಸಮೇತ ಹಾಕಿದ್ದೀರಿ. ಅದಕ್ಕೆ ಧನ್ಯವಾದ. ಆದರೆ ಕೊನೆಯ ಸಾಲು ಓದಿ ಮೈಯೆಲ್ಲ ಉರಿಯಿತು. ‘ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ’ ಅಂತ. ಅಷ್ಟೇ. ಶಾರ್ಟ್ ಸರ್ಕ್ಯೂಟ್ ಏನು ಆಕಾಶದಿಂದ ಬೀಳುವ ಸಿಡಿಲಾ? ಅದಕ್ಕೂ ಒಂದು ಕಾರಣ ಇರಬೇಕಲ್ವಾ?

ಕಾರಣ ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಕಂಬದ ಮೇಲೆ ನ್ಯೂಟ್ರಲ್ ತಂತಿ (ಕರೆಂಟು ಮರಳಿ ಹೋಗುವ ತಂತಿ) ಸಡಿಲವಾಗಿ ನಾಲ್ಕು ತಿಂಗಳಾಗಿತ್ತು. ಗಾಳಿಗೆ ಹಲಸಿನ ಟೊಂಗೆ ತಾಗಿದಾಗಲೆಲ್ಲ ಕಿಡಿ ಹಾರುತ್ತಿತ್ತು. ಸಂಕ್ರಾಂತಿಯ ಮರುದಿನ ಸಂಜೆ ನಮ್ಮ ಮನೆಯ ಬಲ್ಬುಗಳೆಲ್ಲ ಒಮ್ಮೆಲೇ ಬೆಳ್ಳಗೆ ಉರಿದು ಢಬ್ ಅಂದವು. ಟಿವಿ ಹೋಯಿತು. ಫ್ರಿಜ್ಜಿನ ಸ್ಟೆಬಿಲೈಸರ್ ಸುಟ್ಟಿತು. ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು ಅಂತ ಎಲೆಕ್ಟ್ರಿಷಿಯನ್ ಅವತ್ತೇ ಹೇಳಿದ್ದ. ಅಷ್ಟು ನುಗ್ಗಿದರೆ ಹಳೆ ವೈರಿನ ಗತಿ ಏನು?

ಕರೆಂಟ್ ಆಫೀಸಿಗೆ ಮೂರು ಸಲ ದೂರು ಕೊಟ್ಟೆವು. ಮೊದಲ ಸಲ ‘ಬರೆದುಕೊಂಡಿದ್ದೇವೆ’ ಅಂದರು. ಎರಡನೇ ಸಲ ಜನ ಇಲ್ಲ ಅಂದರು. ಮೂರನೇ ಸಲ, ಮರ ಅರಣ್ಯದ ಜಾಗದಲ್ಲಿದೆ, ಟೊಂಗೆ ಕಡಿಯಲು ಅಲ್ಲಿ ಅರ್ಜಿ ಕೊಡಿ ಅಂದರು. ಅಲ್ಲಿಗೆ ಹೋದರೆ, ಲೈನು ಯಾರದ್ದೋ ಅವರನ್ನೇ ಕೇಳಿ ಅಂದರು. ನಾವೇ ಕತ್ತಿ ಹಿಡಿದು ಕರೆಂಟಿನ ಪಕ್ಕ ಮರ ಹತ್ತಬೇಕಿತ್ತಾ?

ಬೆಂಕಿ ಹತ್ತಿದ್ದು ಮಧ್ಯಾಹ್ನ. ಗಂಡಸರು ತೋಟದಲ್ಲಿದ್ದರು. ಆ ಮನೆಯಲ್ಲಿ ಅತ್ತಿಗೆ ಮತ್ತು ಎಂಬತ್ತು ದಾಟಿದ ಅಜ್ಜಿ ಇಬ್ಬರೇ. ಮೆತ್ತಿಗೆ, ಅಂದರೆ ಅಟ್ಟಕ್ಕೆ, ಹತ್ತುವ ಏಣಿಯ ಪಕ್ಕದಲ್ಲೇ ಮೀಟರ್ ಬೋರ್ಡು. ಮೆತ್ತಿನ ಮೇಲೆ ಅಡಿಕೆ ಚೀಲ, ಹಳೆ ಪೇಪರು, ಹಾಸಿಗೆಗಳು. ಅದರ ಮೇಲೆ ಹಂಚು ಹೊರುವ ಮರದ ಪಕಾಸಿ, ರೀಪು. ಹಂಚಿನ ಮನೆ ಹೊತ್ತಿಕೊಳ್ಳಲು ಎಷ್ಟು ಹೊತ್ತು? ಅತ್ತಿಗೆ ಕೊಡಪಾನ ಹಿಡಿದು ಬೋರ್ಡಿಗೆ ನೀರು ಎರಚಲು ಹೊರಟಿದ್ದರು. ನಾನು ಕೂಗಿ ತಡೆದೆ. ಮೇನ್ ಸ್ವಿಚ್ ತೆಗೆಯೋಣ ಅಂದರೆ ಅದು ಹೊಗೆಯ ಒಳಗೆ. ಅಜ್ಜಿಯನ್ನು ಕಂಬಳಿ ಸಮೇತ ಎತ್ತಿ ಅಂಗಳಕ್ಕೆ ತಂದೆವು. ಅಷ್ಟರಲ್ಲಿ ಅತ್ತಿಗೆ ಬಂಗಾರದ ಡಬ್ಬಿ ತರುತ್ತೇನೆ ಅಂತ ಮತ್ತೆ ಒಳಗೆ ನುಗ್ಗಿ ಕೈ ಸುಟ್ಟುಕೊಂಡರು. ಆ ಕೈಗೆ ಯಾರೋ ಟೂತ್‌ಪೇಸ್ಟ್ ಬಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸುಟ್ಟ ಜಾಗಕ್ಕೆ ತಣ್ಣೀರು ಹರಿಸಬೇಕು, 20 ನಿಮಿಷ. ಬೇರೇನೂ ಬೇಡ.

101ಕ್ಕೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಕರೆಂಟು ಹೋದರೆ ನಮ್ಮೂರಲ್ಲಿ ಟವರೂ ಸಾಯುತ್ತದೆ. ನನ್ನ ಮಗ ಬೈಕ್ ಹತ್ತಿ ಶಾಲೆಯ ಗುಡ್ಡಕ್ಕೆ ಓಡಿ ಫೋನ್ ಮಾಡಿದ. ಅಗ್ನಿಶಾಮಕದವರು ತಡ ಮಾಡಲಿಲ್ಲ, ಅವರ ಬಗ್ಗೆ ಒಂದು ಮಾತೂ ಆಡಲಾರೆ. ಆದರೆ ಊರಿನ ತಿರುವಿನಲ್ಲಿ ಗಟಾರ ಕೆಲಸದ ಜಲ್ಲಿ ರಾಶಿ ದೀಪಾವಳಿಯಿಂದ ಬಿದ್ದುಕೊಂಡಿದೆ. ದೊಡ್ಡ ಗಾಡಿ ತಿರುಗಲೇ ಇಲ್ಲ. ಕಡೆಗೆ ನಮ್ಮ ದಣಪೆ (ಅಂಗಳದ ಗೇಟು) ಮುರಿದು, ನಮ್ಮ ಅಂಗಳದ ಮೇಲೆ ಪೈಪು ಎಳೆದರು. ಮುರಿಯಲಿ, ಅದಕ್ಕೆ ಬೇಸರವಿಲ್ಲ. ಆದರೆ ಒಣಗಲು ಹಾಕಿದ್ದ ಅಡಿಕೆಯೆಲ್ಲ ಕೆಸರಾಯಿತು. ಚಾಲಿ ಅಡಿಕೆ ಒಮ್ಮೆ ನೆನೆದರೆ ಬಣ್ಣ ಕೆಡುತ್ತದೆ, ವ್ಯಾಪಾರಿ ನೋಡಿದ ಕೂಡಲೇ ದರ ಇಳಿಸುತ್ತಾನೆ. ಆ ಜಲ್ಲಿ ಹಾಕಿದವರು ಇದನ್ನು ತುಂಬಿಕೊಡುತ್ತಾರಾ?

ಆಮೇಲೆ ಐದು ದಿನ ಕೇರಿಗೇ ಕರೆಂಟಿಲ್ಲ. ಪಂಪ್ ಇಲ್ಲ, ಬಾವಿಯಿಂದ ನೀರು ಸೇದಿ ಸೇದಿ ತೋಳು ಬಿದ್ದುಹೋಯಿತು. ಅತ್ತೆಯವರಿಗೆ ಉಬ್ಬಸ, ಮಶೀನು ಓಡಬೇಕು ಅಂತ ಪೇಟೆಯ ತಂಗಿ ಮನೆಗೆ ಕಳಿಸಿದೆವು. ಮಗಳಿಗೆ ಪರೀಕ್ಷೆ. ಬೆಂಕಿ ಬಿದ್ದ ಮನೆಯ ಪಕ್ಕದಲ್ಲೇ ಮೇಣದ ಬತ್ತಿ ಹಚ್ಚಿಕೊಂಡು ಓದಿದಳು. ಅದನ್ನು ನೋಡುತ್ತ ನಾನು ರಾತ್ರಿಯಿಡೀ ಎಚ್ಚರ. ಕರೆಂಟು ಬರಲಿಲ್ಲ, ಬಿಲ್ಲು ಮಾತ್ರ ಸರಿಯಾದ ದಿನಕ್ಕೆ ಬಂತು.

ಪಂಚನಾಮೆಗೆ ಬಂದವರು ಪಹಣಿ, ಆಧಾರ್, ರೇಷನ್ ಕಾರ್ಡ್ ಕೇಳಿದರು. ಎಲ್ಲ ಮೆತ್ತಿನ ಟ್ರಂಕಿನಲ್ಲಿ ಬೂದಿಯಾಗಿದೆ ಅಂದರೆ, ನಕಲಿಗೆ ಅರ್ಜಿ ಕೊಡಿ ಅಂದರು. ಆ ಅರ್ಜಿಗೂ ಗುರುತಿನ ಚೀಟಿ ಬೇಕಂತೆ! ಮನೆ ಸುಟ್ಟವರ ಹತ್ತಿರ ಆಡುವ ಮಾತಾ ಇದು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವಾಗಲೂ ಹೀಗೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಹೋಯಿತು. ಅದರ ಸೂತಕ ಕಳೆಯುವ ಮೊದಲೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆದ ಮೇಲೆ ಸಭೆ, ಸೂಚನೆ, ಭೇಟಿ. ಆಗುವ ಮೊದಲು ಯಾರೂ ಇಲ್ಲ. ಅತ್ತಿಗೆಯ ಕೈ ಸ್ವಲ್ಪದರಲ್ಲಿ ಉಳಿಯಿತು. ಜಾಸ್ತಿ ಸುಟ್ಟಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಿತ್ತು. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ತಿರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಎಷ್ಟು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದೇವೆ!

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಬರುತ್ತದೆ. 1944ರಲ್ಲಿ ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಬೆಂಕಿ ಆರಿಸಲು ಹೋಗಿ ಸತ್ತವರ ನೆನಪಿಗೆ ಮಾಡುವುದು. ಪೇಟೆಯಲ್ಲಿ ಅಣಕು ಪ್ರದರ್ಶನ ಮಾಡಿ ಫೋಟೊ ತೆಗೆದು ಮುಗಿಸಬೇಡಿ. ಈ ಸಲವಾದರೂ ಹಳ್ಳಿಯ ಜಗುಲಿಗೆ ಬನ್ನಿ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕದೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಅಂತ ನಮ್ಮ ಅಜ್ಜಿಯರಿಗೆ ಯಾರು ಹೇಳಿದ್ದಾರೆ? ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ಈ ನಂಬರು ನಮ್ಮ ಕೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮನೆಯವರದ್ದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಆ ಮನೆಯ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ್ದರು, ಪದೇಪದೇ ಹೋಗುತ್ತದೆ ಅಂತ. ಫ್ಯೂಸ್ ಹೋಗುವುದೇ ಮನೆ ಉಳಿಸಲಿಕ್ಕೆ! ನಮ್ಮ ಮನೆಯಲ್ಲಿ ನೋಡಿದರೆ ಅಲ್ಲೂ ಅದೇ ತಂತಿ. ಅದನ್ನು ತೆಗೆಸಿ, ಹೆಚ್ಚು ಕರೆಂಟು ಹರಿದರೆ ತಾನೇ ಬಂದ್ ಆಗುವ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಕಾಗದಪತ್ರವೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಹೊರಬಾಗಿಲ ಹತ್ತಿರ ಇಟ್ಟೆವು, ಝೆರಾಕ್ಸ್ ತಂಗಿ ಮನೆಗೆ ಹೋಯಿತು. ಬೆಂಕಿ ಅಂದರೆ ಎಲ್ಲರೂ ದಣಪೆಯ ಹೊರಗಿನ ಮಾವಿನ ಬುಡಕ್ಕೆ ಸೇರುವುದು. ಅತ್ತೆಯವರನ್ನು ಎತ್ತುವ ಕೆಲಸ ಮಗನದ್ದು. ಹೊಗೆ ತುಂಬಿದರೆ ತೆವಳಿಕೊಂಡೇ ಬರುವುದು, ಉಸಿರಾಡುವ ಗಾಳಿ ಕೆಳಗಿರುತ್ತದೆ. ಬಂಗಾರಕ್ಕೂ ಯಾರೂ ಮರಳಿ ಒಳಗೆ ಹೋಗುವುದಿಲ್ಲ ಅಂತ ದೇವರ ಮುಂದೆ ಮಾತು ತೆಗೆದುಕೊಂಡಿದ್ದೇನೆ.

ಆದರೆ ಕಂಬದಿಂದಲೇ 400 ವೋಲ್ಟ್ ಬಂದರೆ ನಮ್ಮ ಎಂಸಿಬಿ ಏನು ಮಾಡುತ್ತದೆ? ಐದನೇ ದಿನ ಲೈನು ಕೊಟ್ಟರಲ್ಲ, ಆ ತುಂಡು ತಂತಿಗೆ ಇನ್ನೊಂದು ಹಳೆ ತಂತಿ ಸುತ್ತಿ ಹೋಗಿದ್ದಾರೆ. ಹಲಸಿನ ಟೊಂಗೆ ಹಾಗೇ ಇದೆ. ಜಲ್ಲಿಯೂ ಅಲ್ಲೇ ಇದೆ. ಸಂಬಂಧಪಟ್ಟವರು ಕೂಡಲೇ ಬಂದು ಸರಿ ಮಾಡಬೇಕು, ಇಲ್ಲವೇ ಆಗುವುದಿಲ್ಲ ಅಂತ ಬರೆದು ಸಹಿ ಮಾಡಿ ಕೊಡಬೇಕು. ಸುಟ್ಟ ಮನೆಯವರಿಗೆ ಕಾಗದಕ್ಕಾಗಿ ಅಲೆಸದೆ ಪರಿಹಾರ ಕೊಡಿ. ಟವರಿಗೆ ಬ್ಯಾಟರಿ ಹಾಕಿಸಿ. ನಿಮ್ಮ ವರದಿಗಾರರೂ ಇನ್ನೊಮ್ಮೆ ಬಂದು ಆ ಕಂಬದ ಫೋಟೊ ತೆಗೆದು ಹಾಕಲಿ. ಮಳೆಗಾಲಕ್ಕೆ ಇನ್ನೆಷ್ಟು ದಿನ ಇದೆ? ನಾಚಿಕೆ ಆಗಬೇಕು ಇವರಿಗೆಲ್ಲ.

— ನೊಂದ ಗೃಹಿಣಿ, ಶಿರಸಿ ತಾಲ್ಲೂಕು