ಟ್ರಾನ್ಸ್‌ಫರ್ ಕೇಳಿದವರಿಂದ ರಾಜೀನಾಮೆ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಒಂದೇ ಕಂಪನಿಯ ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗ ಕೇಳಿದವರನ್ನು ಹೊಸಬರ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಕೆಲವು ಕಡೆ ಗೊಂದಲದಿಂದ, ಕೆಲವು ಕಡೆ ಬೇಕಂತಲೇ. ನನ್ನದು ಗೊಂದಲದ್ದು ಎಂದೇ ನಂಬಿದ್ದೇನೆ. ಆದರೆ ಪೆಟ್ಟು ಎರಡರಲ್ಲೂ ಒಂದೇ.

ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ 9 ವರ್ಷ ಇದ್ದವನು. ಊರು ಹುಲ್ಲಹಳ್ಳಿ ಹತ್ತಿರ, ಅಮ್ಮ ಅಲ್ಲಿ ಒಬ್ಬರೇ. ನಂಜನಗೂಡು ಘಟಕಕ್ಕೆ ಸ್ಟೋರ್ಸ್ ಅಸಿಸ್ಟೆಂಟ್ ಬೇಕು, ಒಳಗಿನವರಿಗೆ ಮೊದಲ ಆದ್ಯತೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಅರ್ಜಿಯನ್ನು ಮೊಬೈಲ್‌ನಲ್ಲೇ ತುಂಬಬೇಕಿತ್ತು. ಅದರಲ್ಲಿ ಎಂಪ್ಲಾಯಿ ಕೋಡ್ ಬರೆಯಲು ಜಾಗವೇ ಇರಲಿಲ್ಲ. ‘ಈಗಿನ ಕಂಪನಿ’ ಅಂತ ಕೇಳಿದ ಕಡೆ ನಮ್ಮದೇ ಕಂಪನಿಯ ಹೆಸರು ಹಾಕಿದೆ. ಬೇರೇನು ಹಾಕುವುದು?

ಆಮೇಲೆ ಶುರುವಾಯಿತು ತಮಾಷೆ. ‘ಸರ್, ನಿಮ್ಮ ಹಳೇ ಕಂಪನಿಯ ರಿಲೀವಿಂಗ್ ಲೆಟರ್ ಕಳಿಸಿ’ ಅಂತ ಎಚ್‌ಆರ್‌ನಿಂದ ಫೋನ್ ಬಂತು. ‘ಮೇಡಂ, ಹಳೇ ಕಂಪನಿ ಅಂದ್ರೆ ಇದೇ’ ಅಂದೆ. ‘ಸಿಸ್ಟಮ್‌ನಲ್ಲಿ ಲೆಟರ್ ಇಲ್ದೆ ಮುಂದಕ್ಕೆ ಹೋಗಲ್ಲ ಸರ್’ ಅಂದರು. ಅಷ್ಟರಲ್ಲಿ ನನ್ನ ಸೂಪರ್‌ವೈಸರ್‌ಗೂ ಫೋನ್ ಹೋಗಿತ್ತು, ನಾನು ಕೆಲಸ ಬಿಟ್ಟಿದ್ದು ಯಾಕೆ ಅಂತ ವಿಚಾರಿಸಲು. ಅವರು ನೇರ ನನ್ನ ಹತ್ತಿರ ಬಂದು ‘ಏನಪ್ಪಾ, ಬಿಟ್ಟು ಹೋಗ್ತಿದ್ದೀಯಂತೆ, ನನಗೊಂದು ಮಾತು ಹೇಳಬಾರದಿತ್ತಾ’ ಅಂದರು. ಟ್ರಾನ್ಸ್‌ಫರ್ ಅರ್ಜಿಗೆ ಒಪ್ಪಿಗೆ ಕೊಟ್ಟಿದ್ದೇ ಅವರು! ಆದರೂ ನನ್ನ ಜಾಗಕ್ಕೆ ಕಾಂಟ್ರ್ಯಾಕ್ಟ್ ಹುಡುಗನೊಬ್ಬ ಬಂದೂ ಆಯಿತು.

ಕೊನೆಗೆ ಆರ್ಡರ್ ಕೈಗೆ ಬಂತು. ಹೊಸ ಎಂಪ್ಲಾಯಿ ಕೋಡ್, ಆರು ತಿಂಗಳು ಪ್ರೊಬೇಷನ್, ಆರಂಭದ ಗ್ರೇಡಿನ ಸಂಬಳ. ಜೊತೆಗೆ ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ. ‘ಸುಮ್ನೆ ಫಾರ್ಮಾಲಿಟಿ, ಸೈನ್ ಹಾಕಿ’ ಅಂದರು.

ಇದು ಸುಮ್ನೆ ಅಲ್ಲ. ಗ್ರಾಚ್ಯುಟಿಯನ್ನೇ ನೋಡಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕಂಪನಿ ಕೊಡುವ ಇಡಿಗಂಟು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 1972ರ ಕಾಯ್ದೆಯಿಂದ ನಡೆದುಬಂದ ಲೆಕ್ಕ ಇದು. ನನ್ನ 18,000 ರೂಪಾಯಿಗೆ 9 ವರ್ಷಕ್ಕೆ ಸುಮಾರು 93,000 ಬರುತ್ತದೆ. ರಾಜೀನಾಮೆ ಕೊಟ್ಟರೂ ಅದು ಸಿಗುತ್ತೆ, ನಿಜ. ಆದರೆ ಸೇವೆ ಮುಂದುವರಿದು, ನಿವೃತ್ತಿ ಹೊತ್ತಿಗೆ ಸಂಬಳ 30,000 ಆಗಿದ್ದರೆ ಇದೇ 9 ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ಹೊಸ ಜಾಗದಲ್ಲಿ ಗ್ರಾಚ್ಯುಟಿ ಸಿಗಲು ಬೇಕಾದ 5 ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ನಮ್ಮ ಜೊತೆಗಿದ್ದ ಹುಡುಗನೊಬ್ಬ ಹೀಗೇ ಇನ್ನೊಂದು ಘಟಕಕ್ಕೆ ಹೋಗುವಾಗ ಸೈನ್ ಹಾಕಿಬಿಟ್ಟ. ಅವನದಿನ್ನೂ 5 ವರ್ಷ ಆಗಿರಲಿಲ್ಲ. ದುಡಿದಿದ್ದಕ್ಕೆ ಗ್ರಾಚ್ಯುಟಿಯಲ್ಲಿ ಒಂದು ರೂಪಾಯಿ ಇಲ್ಲ. ಕೋರ್ಟಿಗೆ ಹೋಗಬಹುದಪ್ಪ ಅನ್ನುವವರಿದ್ದಾರೆ. ದಿನದ ಕೂಲಿ ಬಿಟ್ಟು ಯಾರು ಅಲೆಯುತ್ತಾರೆ?

ನಾನು ಸೈನ್ ಹಾಕಲಿಲ್ಲ. ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದೆ. ನೋಟಿಸ್ ಬೋರ್ಡಿನ ಫೋಟೊ, ಸೂಪರ್‌ವೈಸರ್ ಒಪ್ಪಿಗೆ ಕೊಟ್ಟ ಇಮೇಲ್, ಪಿಎಫ್ ಪಾಸ್‌ಬುಕ್ ಪ್ರತಿ ಇಷ್ಟನ್ನೂ ಲಗತ್ತಿಸಿದೆ. ‘ಇದು ವರ್ಗಾವಣೆ, ಹೊಸ ನೇಮಕ ಅಲ್ಲ. ಸೇವೆ ಮುಂದುವರಿದಿದೆ ಎಂದು ಆರ್ಡರ್‌ನಲ್ಲಿ ಬರೆದುಕೊಡಿ’ ಎಂದು ಕೇಳಿದೆ. ನನ್ನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಬಾಯಿಮಾತಿಗೆ ‘ನೋಡೋಣ’ ಅನ್ನುತ್ತಿದ್ದವರು ಸೀಲು ಬಿದ್ದ ಮೇಲೆ ಫೈಲು ತೆಗೆದರು. ಹಳೇ ಕೋಡ್, ಹಳೇ ಸಂಬಳ, ಪ್ರೊಬೇಷನ್ ಇಲ್ಲದ ಹೊಸ ಆರ್ಡರ್ ಬಂತು. ಆ ಎಚ್‌ಆರ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಫಾರ್ಮ್ ಮಾಡಿದವರ ಮೇಲೆ ಇದೆ.

ಒಂದು ಬಾಕಿ ಇದೆ. ಈ ಗಡಿಬಿಡಿಯಲ್ಲಿ ನನಗೆ ಹೊಸ ಇಎಸ್‌ಐ (ನೌಕರರ ಆರೋಗ್ಯ ವಿಮೆ) ನಂಬರ್ ಮಾಡಿಬಿಟ್ಟಿದ್ದಾರೆ. ಒಬ್ಬರಿಗೆ ಇರಬೇಕಾದದ್ದು ಒಂದೇ ನಂಬರ್, ಕೆಲಸ ಬದಲಾದರೂ ಅದೇ. ಈಗ ವಂತಿಗೆ ಹೊಸದಕ್ಕೆ ಹೋಗುತ್ತಿದೆ, ಮನೆಯವರ ಹೆಸರು ಹಳೆಯದರಲ್ಲಿದೆ. ಡಿಸ್ಪೆನ್ಸರಿಯಲ್ಲಿ ಕಾರ್ಡ್ ತೋರಿಸಿದಾಗಲೆಲ್ಲ ಜಗಳ.

ಕಂಪನಿಗಳಿಗೆ ಹೇಳುವುದು ಜಾಸ್ತಿ ಏನಿಲ್ಲ. ಒಳಗಿನವರ ಅರ್ಜಿಗೆ ಬೇರೆ ಫಾರ್ಮ್ ಇಡಿ, ಅದರಲ್ಲಿ ಎಂಪ್ಲಾಯಿ ಕೋಡ್ ಕೇಳಿ. ಅಷ್ಟು ಕಷ್ಟವೇನಲ್ಲ ಅಲ್ವಾ?

ಕಾರ್ಮಿಕ ಇಲಾಖೆಗೂ ಒಂದು ವಿನಂತಿ. ತಪಾಸಣೆಗೆ ಬಂದಾಗ ಹಾಜರಿ ಪುಸ್ತಕದ ಜೊತೆಗೆ ಪಿಎಫ್ ದಾಖಲೆಯನ್ನೂ ತೆರೆಸಿ ನೋಡಿ. ಅದೇ ಯುಎಎನ್ (ನೌಕರನ ಕಾಯಂ ಪಿಎಫ್ ನಂಬರ್), ನಿನ್ನೆ ಒಂದು ಘಟಕದಲ್ಲಿ ಕೆಲಸ ಬಿಟ್ಟ ತಾರೀಕು, ಇವತ್ತು ಇನ್ನೊಂದು ಘಟಕದಲ್ಲಿ ಸೇರಿದ ತಾರೀಕು. ಅಂಥ ಹೆಸರು ಕಂಡರೆ ಮ್ಯಾನೇಜರ್ ಎದುರಿಗಲ್ಲ, ಪಕ್ಕಕ್ಕೆ ಕರೆದು ಆ ನೌಕರನನ್ನೇ ಕೇಳಿ, ರಾಜೀನಾಮೆ ಪತ್ರ ಟೈಪ್ ಮಾಡಿದ್ದು ಯಾರು ಅಂತ.

ಇಂತಿ,
ಒಬ್ಬ ಸ್ಟೋರ್ಸ್ ನೌಕರ, ನಂಜನಗೂಡು