ಮುದ್ರಣಕ್ಕೆ ವರ್ಡ್ ಕಡತದ ಬದಲು ಪಿಡಿಎಫ್ ಕೊಡಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಹತ್ತಿರವಾದಂತೆ ಶಿವಮೊಗ್ಗದ ಮುದ್ರಣಾಲಯಗಳಿಗೆ ಸಹಕಾರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಗಣೇಶೋತ್ಸವದ ಕರಪತ್ರಗಳ ಕೆಲಸ ಒಟ್ಟಿಗೇ ಬಂದು ಬೀಳುತ್ತದೆ. ಇವುಗಳಲ್ಲಿ ಬಹುಪಾಲು ವರ್ಡ್ ಕಡತಗಳಾಗಿಯೇ ಬರುವುದರಿಂದ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡುವ ನಮ್ಮಂಥವರ ಅರ್ಧ ಹೊತ್ತು ಕೆಟ್ಟ ಅಕ್ಷರಗಳನ್ನು ಸರಿಪಡಿಸುವುದರಲ್ಲೇ ಕಳೆಯುತ್ತದೆ. ಇದನ್ನು ತಪ್ಪಿಸಲು ಯಾರೂ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ.

‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್ ಬಳಸಿದ್ದರೂ ಕಷ್ಟ ಪೂರ್ತಿ ತಪ್ಪುವುದಿಲ್ಲ. ಫಾಂಟ್ ಬದಲಾದೊಡನೆ ಸಾಲುಗಳ ಅಳತೆ ಬದಲಾಗಿ, ತೀರ್ಥಹಳ್ಳಿಯಲ್ಲಿ ಒಂದೇ ಪುಟಕ್ಕೆ ಕೂತಿದ್ದ ಜಮಾ-ಖರ್ಚಿನ ಪಟ್ಟಿ ಇಲ್ಲಿ ತೆರೆದಾಗ ‘ಒಟ್ಟು’ ಎಂಬ ಕೊನೆಯ ಸಾಲನ್ನು ಮುಂದಿನ ಪುಟಕ್ಕೆ ತಳ್ಳಿರುತ್ತದೆ. ಪಿಡಿಎಫ್‌ನಲ್ಲಾದರೆ ಸಾಮಾನ್ಯವಾಗಿ ಫಾಂಟ್ ಕಡತದೊಳಗೇ ಸೇರಿಕೊಂಡಿರುವುದರಿಂದ ಒತ್ತಕ್ಷರವಾಗಲಿ ಸಾಲಾಗಲಿ ಕದಲುವುದಿಲ್ಲ.

2015ರಲ್ಲಿ ಬಂದ ವಿಂಡೋಸ್ 10ರಿಂದೀಚೆಗೆ ಮುದ್ರಕಗಳ ಪಟ್ಟಿಯಲ್ಲೇ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬ ಹೆಸರಿರುತ್ತದೆ. ಅದನ್ನು ಆರಿಸಿ ಪ್ರಿಂಟ್ ಒತ್ತಿದರೆ ಕಾಗದದ ಬದಲು ಕಡತ ಸಿಗುತ್ತದೆ. ಮ್ಯಾಕ್‌ನಲ್ಲಿ ಪ್ರಿಂಟ್ ಕಿಟಕಿಯಲ್ಲೇ ಪಿಡಿಎಫ್ ಆಗಿ ಉಳಿಸುವ ಸೌಲಭ್ಯವಿದೆ, ಲಿನಕ್ಸ್‌ನಲ್ಲಿ ‘ಪ್ರಿಂಟ್ ಟು ಫೈಲ್’ ಇದೆ. ಆದರೆ ಪುಟದ ಅಳತೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎಷ್ಟೋ ಕಂಪ್ಯೂಟರುಗಳಲ್ಲಿ ಅಮೆರಿಕದ ಲೆಟರ್ ಅಳತೆಯೇ ಉಳಿದಿರುತ್ತದೆ. ಅದು ನಮ್ಮ ಎ4ಗಿಂತ 6 ಮಿ.ಮೀ. ಅಗಲ ಹೆಚ್ಚು, 18 ಮಿ.ಮೀ. ಉದ್ದ ಕಡಿಮೆ. ಪುಸ್ತಕವನ್ನು ಡೆಮಿ 1/8ರಲ್ಲಿ ತರುವುದಾದರೆ ಆ ಅಳತೆಯನ್ನು ಮುದ್ರಣಾಲಯದಲ್ಲೇ ಕೇಳಿ ಪಡೆಯುವುದು ಕ್ಷೇಮ. ಕಡತ ಸಿದ್ಧವಾದ ಮೇಲೆ ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು, ‘ಪ್ರಾಪರ್ಟೀಸ್’ ಒಳಗಿನ ‘ಫಾಂಟ್ಸ್’ ನೋಡಿದರೆ ಪ್ರತಿಯೊಂದು ಫಾಂಟಿನ ಮುಂದೆ ‘ಎಂಬೆಡೆಡ್’ (ಕಡತದೊಳಗೆ ಸೇರಿದೆ) ಎಂದಿರಬೇಕು. ಇಲ್ಲದಿದ್ದರೆ ಆ ಕಡತವನ್ನು ಕಳಿಸಿ ಪ್ರಯೋಜನವಿಲ್ಲ.

ಈ ಸೌಲಭ್ಯಕ್ಕೂ ಮಿತಿಯಿದೆ. ವಿಂಡೋಸ್ ಹೀಗೆ ಮಾಡಿಕೊಡುವ ಪಿಡಿಎಫ್‌ನಲ್ಲಿ ಬಣ್ಣಗಳು ಪರದೆಗೆ ಹೊಂದುವ ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿಯ ಬೆರಕೆ) ಇರುತ್ತವೆಯೇ ಹೊರತು ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಶಾಯಿ ಬಣ್ಣಗಳಲ್ಲಲ್ಲ. ಕಾಗದ ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಬಣ್ಣವನ್ನು ಅಂಚಿನಾಚೆಗೆ ಸಾಮಾನ್ಯವಾಗಿ ಚಾಚಿ ಬಿಡುವ 3 ಮಿ.ಮೀ. ಬ್ಲೀಡ್ ಕೂಡ ತಾನಾಗಿ ಬರುವುದಿಲ್ಲ. ಆದ್ದರಿಂದ ಬಣ್ಣದ ಮುಖಪುಟ, ಲಗ್ನಪತ್ರಿಕೆಗಳನ್ನು ಡಿಟಿಪಿಯವರಿಗೇ ಬಿಡುವುದು ಒಳಿತು. ಒಳಪುಟಗಳ ಕಪ್ಪು-ಬಿಳುಪು ಬರಹಕ್ಕಂತೂ ಇಷ್ಟು ಧಾರಾಳವಾಗಿ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗಲೂ ಪುಟದ ಫೋಟೊ ತೆಗೆದು ಹಾಕದೆ (ಹಾಕುವವರು ಇನ್ನೂ ಇದ್ದಾರೆ) ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಮುದ್ರಣಾಲಯದವರಲ್ಲೂ ಒಂದು ಕೋರಿಕೆ: ನಿಮಗೆ ಬೇಕಾದ ಪುಟದ ಅಳತೆ, ಅಂಚು, ಬ್ಲೀಡ್ ಇವಿಷ್ಟನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಮುಂಗಡ ಪಡೆಯುವಾಗಲೇ ಗಿರಾಕಿಗಳ ಕೈಗೆ ಕೊಡಿ. ಸಾಗರ, ಹೊಸನಗರದ ಕಡೆಯಿಂದ ಮಳೆಯಲ್ಲಿ ಬಸ್ಸು ಹತ್ತಿ ಕರಡು ತಿದ್ದಲು ಬರುವ ಕಾರ್ಯದರ್ಶಿಗಳಿಗೆ ಒಂದೆರಡು ಓಡಾಟವಾದರೂ ಉಳಿಯುತ್ತದೆ.

– ಡಿಟಿಪಿ ವೃತ್ತಿಯ ಓದುಗ, ಶಿವಮೊಗ್ಗ